ಗಾಡಿ ಹಳೇದಾತು, ದಪ್ಪ ಆಯಿಲ್ ಹಾಕ್ರಿ

ಕೊಪ್ಪಳ–ಗದಗ ಹೆದ್ದಾರಿಯಲ್ಲಿ ಭಾನಾಪುರ, ತಳಕಲ್, ಬನ್ನಿಕೊಪ್ಪ, ಯಾವ ಊರಿನ ಕ್ರಾಸಿನಲ್ಲಾದರೂ ಹಳೆಯ ಕಾರು ನಿಲ್ಲಿಸಿ ಬಾನೆಟ್ ಎತ್ತಿ ನೋಡಿ. ಐದು ನಿಮಿಷದೊಳಗೆ ಒಂದು ಸಲಹೆ ಪುಕ್ಕಟೆ ಸಿಗುತ್ತದೆ: ‘ಗಾಡಿ ಹಳೇದಾತ್ರಿ, ಇನ್ನ ದಪ್ಪ ಆಯಿಲ್ ಹಾಕ್ರಿ.’ ಹೊಗೆ ಬಿಟ್ಟರೂ ಇದೇ ಮಾತು, ಟಕಟಕ ಸದ್ದು ಬಂದರೂ ಇದೇ ಮಾತು, ಏನೂ ಆಗದೆ ಸುಮ್ಮನೆ ಸರ್ವಿಸಿಗೆ ಒಯ್ದರೂ ಇದೇ ಮಾತು. ಕಾರಣ ಕೇಳಿದರೆ ‘ನಮ್ಮ ಬಿಸಲು ಹೆಂಗೈತಿ ನೋಡ್ರಿ’ ಎಂಬ ಉತ್ತರ. ಮಿಸ್ತ್ರಿಗಳ ಈ ಮಾತನ್ನು ಪೂರಾ ತಳ್ಳಿಹಾಕುವ ಹಾಗಿಲ್ಲ, ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವೇ ಎಂಜಿನ್ನುಗಳ ಆಯುಷ್ಯ ತಿನ್ನುತ್ತಿರುವುದು.

ಹಳೆಯ ಗಾಡಿಗಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಮಾರುತಿ 800 ಕಾರನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಮೂರು ಸಿಲಿಂಡರಿನ, 796 ಸಿಸಿಯ ಪುಟ್ಟ ಕಾರನ್ನು 2010ರಲ್ಲಿ ಬಿಎಸ್-4 ನಿಯಮ ಬಂದಾಗ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಮಾರುವುದನ್ನು ನಿಲ್ಲಿಸಲಾಯಿತು. ಸಣ್ಣ ಊರುಗಳಲ್ಲಿ ಅದು 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ತನಕವೂ ಮಾರಾಟವಾಯಿತು. ಹಾಗಾಗಿ ಬೆಂಗಳೂರಿನಲ್ಲಿ ಅಪರೂಪವಾದ ಕೊನೆಕೊನೆಯ 800ಗಳು ಯಲಬುರ್ಗಾ, ಕುಷ್ಟಗಿ ಕಡೆ ಇನ್ನೂ ಓಡುತ್ತಿವೆ. ಅದರ ಜತೆಗೆ ಓಮ್ನಿ, ಟಾಟಾ ಸುಮೊ, ಹಳೆಯ ಬೊಲೆರೊ, ಕ್ವಾಲಿಸ್. ಇನ್ನು ಗವಿಮಠದ ಜಾತ್ರೆಗೋ ಹುಲಿಗೆಮ್ಮನ ಹುಣ್ಣಿಮೆಗೋ ಓಣಿಯ ಅರ್ಧ ಮಂದಿಯನ್ನು ಒಂದೇ ಸಲಕ್ಕೆ ಹೊತ್ತೊಯ್ಯುವ ಕ್ರೂಸರ್ ಇದ್ದೇ ಇದೆ. ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಆದರೂ ಹೊಸ ಕಾರಿನ ಕಂತಿಗಿಂತ ಅದೇ ಸಸ್ತಾ ಎಂದು ಕಟ್ಟುವವರು ಕಟ್ಟುತ್ತಲೇ ಇದ್ದಾರೆ. ಅಂಥವರಿಗೆ ಆಯಿಲ್ ಡಬ್ಬಿಯ ಮೇಲಿನ ಅಂಕಿ ಏನು ಹೇಳುತ್ತದೆ ಎಂಬುದು ತಿಳಿದಿರಬೇಕು.

ಆ ಅಂಕಿಗಳ ಪದ್ಧತಿ ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಘದ್ದು, 1911ರಷ್ಟು ಹಳೆಯದು. 20ಡಬ್ಲ್ಯೂ-50 ಎಂದಿದ್ದರೆ ಅದರಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳ ಫಲಿತಾಂಶ ಇದೆ. ಹಿಂದಿನ 50 ಎಂಬುದು ಎಣ್ಣೆ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಾಗ ಎಷ್ಟು ಮಂದ ಇರುತ್ತದೆ ಎಂಬುದರ ದರ್ಜೆ. ಮಂದವನ್ನು ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 30ರ ದರ್ಜೆ ಎಂದರೆ 9.3ರಿಂದ 12.5, 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9. ಮುಂದಿನ 20ಡಬ್ಲ್ಯೂ ಚಳಿಯ ಪರೀಕ್ಷೆ. ‘ಡಬ್ಲ್ಯೂ’ ಎಂದರೆ ವಿಂಟರ್, ಚಳಿಗಾಲ. ಆ ಚಳಿ ಎಂಥದು? 20ಡಬ್ಲ್ಯೂ ಎಣ್ಣೆಯಲ್ಲಿ ಎಂಜಿನ್ ತಿರುಗೀತೇ ಎಂದು ನೋಡುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. 15ಡಬ್ಲ್ಯೂ ಆದರೆ ಸೊನ್ನೆಗಿಂತ 20 ಕೆಳಗೆ, 5ಡಬ್ಲ್ಯೂ ಆದರೆ 30 ಕೆಳಗೆ. ಕೊಪ್ಪಳ ಸೀಮೆಯಲ್ಲಿ ಡಿಸೆಂಬರಿನ ನಸುಕಿನಲ್ಲಿ ಕಂಬಳಿ ಹೊದ್ದು ಕೂತರೂ ಉಷ್ಣಾಂಶ 15ರ ಆಸುಪಾಸಿನಲ್ಲೇ ಇರುತ್ತದೆ, ಅದೂ ಸೊನ್ನೆಗಿಂತ ಮೇಲೆ. ಅಂದರೆ ಚಳಿಯ ಪರೀಕ್ಷೆಯ ಮಟ್ಟಿಗೆ ಅಂಗಡಿಯಲ್ಲಿರುವ ಎಲ್ಲ ಡಬ್ಬಿಗಳೂ ನಮ್ಮಲ್ಲಿ ಪಾಸು.

ಹಾಗಾದರೆ ಬಿಸಿಲು? ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನೆಲ ನಮ್ಮದು, ನಿಜ. ಆದರೆ ಎಂಜಿನ್ನಿನೊಳಗಿನ ಎಣ್ಣೆ ಬದುಕುವುದೇ 90ರಿಂದ 110 ಡಿಗ್ರಿಯಲ್ಲಿ. ಹೊರಗೆ 25 ಇರಲಿ 42 ಇರಲಿ, ಎಂಜಿನ್ ನೀರಿನ ಬಿಸಿಯನ್ನು ಥರ್ಮೋಸ್ಟಾಟ್ ಎಂಬ ಸಣ್ಣ ವಾಲ್ವ್ 80–90ರ ನಡುವೆ ಹಿಡಿದಿಡುತ್ತದೆ. ರೇಡಿಯೇಟರ್ ಸ್ವಚ್ಛವಿದ್ದು ಫ್ಯಾನು ಸರಿಯಾಗಿ ತಿರುಗುತ್ತಿದ್ದರೆ ಹೊರಗಿನ ಬಿಸಿಲು ಎಣ್ಣೆಗೆ ತಟ್ಟುವುದು ಕೆಲವೇ ಡಿಗ್ರಿಯಷ್ಟು. ರೇಡಿಯೇಟರ್ ಉಪ್ಪುನೀರಿನ ಗಾರೆ ಕಟ್ಟಿ ಅರ್ಧ ಮುಚ್ಚಿದ್ದರೆ, ಕ್ರೂಸರಿನಲ್ಲಿ ಲೆಕ್ಕಕ್ಕಿಂತ ಹೆಚ್ಚು ಜನ ತುಂಬಿ ಮಟಮಟ ಮಧ್ಯಾಹ್ನ ದಿಬ್ಬ ಹತ್ತಿಸಿದರೆ ಎಣ್ಣೆ 120ಕ್ಕೂ ಏರೀತು. ಬೋರ್‌ವೆಲ್ ನೀರು ಸುರಿದು ರೇಡಿಯೇಟರಿಗೆ ಗಾರೆ ಕಟ್ಟಿಸುವುದು ನಮ್ಮ ಕಡೆಯ ಅಭ್ಯಾಸವೇ. ಅಲ್ಲಿ ಕೆಟ್ಟಿರುವುದು ತಂಪು ಮಾಡುವ ವ್ಯವಸ್ಥೆ. ಅದರ ಖರ್ಚನ್ನು ದಪ್ಪ ಆಯಿಲ್ ಮೇಲೆ ಹೊರಿಸಿ ಸುಮ್ಮನಾಗುತ್ತೇವೆ.

ಇದಕ್ಕಿಂತ ಕೆಟ್ಟ ಪರಿಹಾರವೂ ಚಾಲ್ತಿಯಲ್ಲಿದೆ. ಗಾಡಿ ಕಾಯುತ್ತದೆ ಎಂದು ಥರ್ಮೋಸ್ಟಾಟ್ ಅನ್ನೇ ಕಿತ್ತು ಬಿಸಾಡುವುದು. ‘ಈಗ ನೋಡ್ರಿ, ಕಾಟಾ ಮ್ಯಾಲ ಏಳೂದೇ ಇಲ್ಲ’ ಎಂದು ಮಿಸ್ತ್ರಿ ಬೀಗುತ್ತಾನೆ. ಬಿಸಿ ತೋರಿಸುವ ಕಾಟಾ ಏಳುವುದಿಲ್ಲ ಸರಿ, ಎಂಜಿನ್ ಸರಿಯಾಗಿ ಬಿಸಿಯಾಗುವುದೂ ಇಲ್ಲ. ಬಿಸಿಯಾಗದ ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯಿಂದ ಇಳಿದು ಎಣ್ಣೆ ಸೇರುತ್ತದೆ, ಉರಿದದ್ದರಿಂದ ಹುಟ್ಟಿದ ನೀರಿನ ಆವಿ ಹೊರಬೀಳದೆ ಎಣ್ಣೆಯಲ್ಲೇ ತಂಗುತ್ತದೆ. ತಳಕಲ್ಲಿನಿಂದ ಕುಕನೂರಿನ ಸಂತೆಗೆ ಹೋಗಿ ಬರುವಂಥ ಸಣ್ಣ ಓಡಾಟವೇ ಹೆಚ್ಚಾದರೆ ಇದು ಇನ್ನೂ ಬೇಗ. ನೀರಿಗಿಂತ ಎಣ್ಣೆ ಕಾಯಲು ಹೆಚ್ಚು ಹೊತ್ತು ಬೇಕು. ಕಾಟಾ ನಡುವಿಗೆ ಬಂದರೂ ಎಂಜಿನ್ ತಳದ ಚೇಂಬರಿನ ಎಣ್ಣೆ ಇನ್ನೂ ಉಗುರುಬೆಚ್ಚಗೇ ಇರುತ್ತದೆ. ಆಯಿಲ್ ತುಂಬುವ ಮುಚ್ಚಳ ಬಿಚ್ಚಿದಾಗ ಒಳಮೈಗೆ ಬೆಣ್ಣೆಯಂಥ ಬಿಳಿಹಳದಿ ಲೋಳೆ ಅಂಟಿದ್ದರೆ ಆ ನೀರಿನ ಗುರುತು. ಹೆಡ್ ಗ್ಯಾಸ್ಕೆಟ್ ಹೋದಾಗಲೂ ಹೀಗೇ ಕಾಣಬಹುದು. ರೇಡಿಯೇಟರಿನ ನೀರು ಕಡಿಮೆಯಾಗುತ್ತಿದೆಯೇ ಎಂದು ಜತೆಗೇ ನೋಡಬೇಕು.

ದಪ್ಪ, ತೆಳುವಿನ ಅಂತರವನ್ನು ಅಂಕಿಯಲ್ಲಿ ಹಿಡಿದರೆ ಚಿತ್ರ ತಿಳಿಯಾಗುತ್ತದೆ. ಪೇಟೆಯಲ್ಲಿ ಸಿಗುವ ಸಾಧಾರಣ 20ಡಬ್ಲ್ಯೂ-50 ಎಣ್ಣೆ 120 ಡಿಗ್ರಿಯಲ್ಲಿ ಸುಮಾರು 11–12 ಸೆಂಟಿಸ್ಟೋಕ್, 15ಡಬ್ಲ್ಯೂ-40 ಸುಮಾರು 9–10. ವ್ಯತ್ಯಾಸ ಇದೆ, ಅಗಾಧವೇನಲ್ಲ. ಅದೇ ಚಳಿಗಾಲದ ಬೆಳಗ್ಗೆ 20 ಡಿಗ್ರಿಯಲ್ಲಿ ನೋಡಿದರೆ 20ಡಬ್ಲ್ಯೂ-50 ಸುಮಾರು 500ರ ಮೇಲೆ, 15ಡಬ್ಲ್ಯೂ-40 ಸುಮಾರು 300, 5ಡಬ್ಲ್ಯೂ-30 ಸುಮಾರು 150–160. ಬಿಸಿಯಲ್ಲಿ ಗಳಿಸಿದ್ದು ಎರಡು ಸೆಂಟಿಸ್ಟೋಕ್, ತಣ್ಣಗಿದ್ದಾಗ ಹೊತ್ತುಕೊಂಡ ಭಾರ ಇನ್ನೂರು. ರಾತ್ರಿಯೆಲ್ಲ ನಿಂತ ಗಾಡಿಯ ಮೇಲ್ಭಾಗದ ರಾಕರ್, ಕ್ಯಾಮ್‌ಶಾಫ್ಟಿಗೆ ಎಣ್ಣೆ ಮುಟ್ಟುವ ಮೊದಲ ಕೆಲವು ಸೆಕೆಂಡಿನಲ್ಲಿ ಸವೆತ ಹೆಚ್ಚು. ಮಂದ ಎಣ್ಣೆ ಅಲ್ಲಿಗೆ ತಡವಾಗಿ ಹತ್ತುತ್ತದೆ. ಬೆಳಗಿನ ಟಕಟಕ ಕೇಳಿ ಇನ್ನೂ ದಪ್ಪ ಎಣ್ಣೆ ಹಾಕಿದವರ ಗಾಡಿ ಮಾರನೆಯ ದಿನ ಇನ್ನೂ ಹೆಚ್ಚು ಹೊತ್ತು ಟಕಟಕ ಎನ್ನುವುದು ಇದಕ್ಕೇ.

ಎಣ್ಣೆ ಅಸಲಿಗೆ ಲೋಹವನ್ನು ಹೇಗೆ ಕಾಯುತ್ತದೆ ಎಂಬುದು ಜಗತ್ತಿಗೆ ತಿಳಿದದ್ದು ಕಾರಿನಿಂದಲ್ಲ, ರೈಲಿನಿಂದ. ಗದಗ–ವಾಡಿ ಹೊಸ ಮಾರ್ಗ ಕವಲೊಡೆಯುವ ತಳಕಲ್ಲಿನವರು ಈ ಕಥೆಯನ್ನು ತಮ್ಮದೆಂದೇ ಕೇಳಬಹುದು. 1883ರಲ್ಲಿ ಬೋಶಾಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲು ಗಾಲಿಯ ಅಚ್ಚಿನಂಥ ಬೇರಿಂಗ್ ಮೇಲೆ ಘರ್ಷಣೆಯ ಪ್ರಯೋಗ ನಡೆಸುತ್ತಿದ್ದ. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲೆ ಹಿತ್ತಾಳೆಯ ಅರೆಬಳೆ ಕೂತಿತ್ತು. ಮೇಲಿನಿಂದಲೂ ಎಣ್ಣೆ ಬಿಡೋಣವೆಂದು ಆ ಹಿತ್ತಾಳೆಗೆ ನಡುಮಧ್ಯ ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದ್ದೇ ತಡ, ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಮರದ ಬೆಣೆ ಹೊಡೆದ, ಬೆಣೆಯನ್ನೂ ಎಣ್ಣೆ ಹೊರಗೆ ದಬ್ಬಿತು. ಕೊನೆಗೆ ಒತ್ತಡದ ಮಾಪಕ ಕೂರಿಸಿದರೆ ಮುಳ್ಳು 200 ಪೌಂಡಿನ ಗುರುತನ್ನೂ ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಚದರ ಇಂಚಿಗೆ 100 ಪೌಂಡ್ ಮಾತ್ರ. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಅದರ ಮೇಲೆ ತೇಲುತ್ತಿತ್ತು. ಲೋಹಕ್ಕೆ ಲೋಹ ತಾಕುತ್ತಲೇ ಇರಲಿಲ್ಲ. ಮೂರು ವರ್ಷದ ನಂತರ, 1886ರಲ್ಲಿ, ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತ ಬರೆದು ಮುಗಿಸಿದ. ಇಂದಿಗೂ ಎಂಜಿನ್ ಬೇರಿಂಗ್ ಲೆಕ್ಕ ಹಾಕುವವರು ಕೂರುವುದು ಅದೇ ಸಮೀಕರಣದ ಮುಂದೆ.

ಆ ಗಣಿತದಲ್ಲಿ ಹಳೆಯ ಗಾಡಿಯವರು ಗಮನಿಸಬೇಕಾದ ಒಂದು ಮಾತಿದೆ. ಬೇರಿಂಗಿನ ಬದಿಯಿಂದ ಸೋರಿಹೋಗುವ ಎಣ್ಣೆಯ ಪ್ರಮಾಣ ಸಂದಿಯ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಹೊಸ ಎಂಜಿನ್ನಿನಲ್ಲಿ ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ಇರುವ ಸಂದಿ ಕೂದಲೆಳೆಗಿಂತ ಸಣ್ಣದು, ಮಿಲಿಮೀಟರಿನ ನೂರನೇ ನಾಲ್ಕೈದು ಭಾಗ. ಸವೆದು ಅದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. 40ರ ದರ್ಜೆಯಿಂದ 50ಕ್ಕೆ ಹೋದರೆ ಎಣ್ಣೆಯ ಮಂದ ಹೆಚ್ಚುವುದು ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಬದು ಕಿತ್ತುಹೋದ ಹೊಲಕ್ಕೆ ಕಾಲುವೆಯ ತೂಬನ್ನು ಸ್ವಲ್ಪ ಹೆಚ್ಚು ತಿರುವಿದ ಹಾಗೆ. ಸ್ವಲ್ಪ ಸವೆದ ಎಂಜಿನ್ನಿಗೆ ಒಂದು ದರ್ಜೆ ಮಂದದ ಎಣ್ಣೆ ನಿಜಕ್ಕೂ ನೆರವಾಗುತ್ತದೆ, ಮಿಸ್ತ್ರಿಯ ಮಾತಿನ ಅರ್ಧ ಸತ್ಯ ಇರುವುದು ಇಲ್ಲೇ. ಪೂರ್ತಿ ಸವೆದದ್ದಕ್ಕೆ ಅದು ಔಷಧವಲ್ಲ.

ಎಷ್ಟು ಸವೆದಿದೆ ಎಂದು ತಿಳಿಯುವುದು ಹೇಗೆ? ಊಹೆ ಬೇಡ, ಅಳೆದೇ ನೋಡಬಹುದು. ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಅದೇ ತೂತಿಗೆ ಒಂದು ಸಾದಾ ಮಾಪಕ ಕೂರಿಸಿ, ಗಾಡಿಯನ್ನು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಚೆನ್ನಾಗಿ ಬಿಸಿಯಾದ ಮೇಲೆ ಒತ್ತಡ ನೋಡಬೇಕು. ನಿಮಿಷಕ್ಕೆ ಸಾವಿರ ಸುತ್ತಿಗೆ ಚದರ ಇಂಚಿಗೆ ಹತ್ತು ಪೌಂಡಿನ ಲೆಕ್ಕ ಹಳೆಯ ಮಿಸ್ತ್ರಿಗಳ ಅಂದಾಜು, ಅದು ಈಗಲೂ ಕೆಲಸಕ್ಕೆ ಬರುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಿ ಕೂರಬಾರದು. ಒತ್ತಡ ಐದಾರು ಪೌಂಡಿಗೆ ಇಳಿದ ಮೇಲೆ ಹತ್ತುವ ದೀಪ ಅದು, ಹತ್ತುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹೊಗೆಗೂ ಹಾಗೆಯೇ, ನೋಡುವ ಕ್ರಮ ಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು ಗಟ್ಟಿಯಾಗಿದೆ ಎಂದರ್ಥ. ಆ ರಬ್ಬರ್ ಬದಲಿಸುವುದು ಎಂಜಿನ್ ಕೆಲಸದಲ್ಲೇ ಅಗ್ಗದ ಬಾಬತ್ತು. ಓಡುವಾಗ, ಅದರಲ್ಲೂ ಎಕ್ಸಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ರಿಂಗು ಹೋಗಿದೆ. ಡೀಸೆಲ್ ಗಾಡಿಯಲ್ಲಿ ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಬಿಚ್ಚಿದರೆ ಬುಸ್ ಬುಸ್ ಎಂದು ಗಾಳಿ ಉಗುಳಿದರೆ, ಮಿಸ್ತ್ರಿಗಳ ಮಾತಿನಲ್ಲಿ ‘ಬ್ಯಾಕ್ ಕಂಪ್ರೆಷನ್’ ಇದ್ದರೆ, ಬೋರ್ ಮಾಡಿಸುವ ದಿನ ದೂರವಿಲ್ಲ. ಈ ಮೂರಕ್ಕೂ ಒಂದೇ ಡಬ್ಬಿ ದಪ್ಪ ಆಯಿಲ್ ಬರೆದುಕೊಡುವುದು ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಕೊಡುವ ವೈದ್ಯಕೀಯ.

ಇನ್ನು ‘ಹಳೇ ಗಾಡಿ’ ಎಂದರೆ ಯಾವುದು? ಇಲ್ಲಿಯೇ ಹೆಚ್ಚಿನವರು ಎಡವುವುದು. ಅಂಬಾಸಿಡರ್ ಹಳೆಯದು, 2012ರ ಸ್ವಿಫ್ಟ್ ಕೂಡ ಈಗ ಹಳೆಯದೇ. ಆದರೆ ಎರಡೂ ಬೇರೆ ಕುಲದವು.

ಮೊದಲನೆಯ ಕುಲ ದಪ್ಪ ಎಣ್ಣೆಯ ಕಾಲದಲ್ಲೇ ಹುಟ್ಟಿದ್ದು. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯದು, ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ ಇಟಲಿಯ ಫಿಯಟ್‌ದು. ಇವಕ್ಕೆ 20ಡಬ್ಲ್ಯೂ-50 ಮಿನರಲ್ ಎಣ್ಣೆ ಹಾಕಿದರೆ ಯಾರೂ ಆಕ್ಷೇಪಿಸಬೇಕಿಲ್ಲ. ಇವುಗಳ ವಿಷಯದಲ್ಲಿ ನಿಗಾ ಬೇಕಾದದ್ದು ಇನ್ನೊಂದು ಕಡೆ. ಇವುಗಳ ಕ್ಯಾಮ್‌ಶಾಫ್ಟ್ ಚಪ್ಪಟೆ ಟ್ಯಾಪೆಟ್ ಮೇಲೆ ಉಜ್ಜುತ್ತ ತಿರುಗುತ್ತದೆ. ಆ ಉಜ್ಜುವ ಜಾಗದಲ್ಲಿ ಎಣ್ಣೆಯ ಪದರ ನಿಲ್ಲುವುದಿಲ್ಲ, ಅಲ್ಲಿ ಕಾಯುವುದು ಎಣ್ಣೆಗೆ ಬೆರೆಸಿದ ಸತು–ರಂಜಕದ ರಾಸಾಯನಿಕ. ಹೊಸ ಕಾರುಗಳ ಸೈಲೆನ್ಸರಿನಲ್ಲಿರುವ ಕೆಟಲಿಟಿಕ್ ಕನ್ವರ್ಟರಿಗೆ ರಂಜಕ ವಿಷವಾದ್ದರಿಂದ ತೆಳು ದರ್ಜೆಯ ಹೊಸ ಪೆಟ್ರೋಲ್ ಎಣ್ಣೆಗಳಲ್ಲಿ ಅದನ್ನು ಶೇಕಡ 0.08ಕ್ಕೆ ಮಿತಿಗೊಳಿಸಿದ್ದಾರೆ. 15ಡಬ್ಲ್ಯೂ-40, 20ಡಬ್ಲ್ಯೂ-50ರಂಥ ಮಂದ ದರ್ಜೆಗಳಿಗೆ ಆ ಮಿತಿ ಇಲ್ಲ. ಅಂದರೆ ಅಜ್ಜನ ಕಾಲದ ಅಂಬಾಸಿಡರಿಗೆ ಮೊಮ್ಮಗ ಪ್ರೀತಿಯಿಂದ ತಂದು ಸುರಿಯುವ ದುಬಾರಿ 5ಡಬ್ಲ್ಯೂ-30 ಎಣ್ಣೆ ಅದರ ಕ್ಯಾಮ್‌ಶಾಫ್ಟನ್ನು ಬೇಗ ತಿಂದೀತು. ಹೆಚ್ಚು ಬೆಲೆಯ ಎಣ್ಣೆಯೇ ಹೆಚ್ಚು ಒಳ್ಳೆಯದೆಂಬ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ.

ಮಾರುತಿ 800, ಓಮ್ನಿ, ಹಳೆಯ ಆಲ್ಟೊ ನಡುವಿನವು. ಗಾಡಿಯ ಕೈಪಿಡಿ ಹುಡುಕಿದರೆ ಒಂದು ಪಟ್ಟಿ ಸಿಗುತ್ತದೆ: ಹೊರಗಿನ ಉಷ್ಣಾಂಶ ಇಷ್ಟಿದ್ದರೆ ಇಂಥ ದರ್ಜೆ ಎಂದು ಒಂದಕ್ಕಿಂತ ಹೆಚ್ಚು ಆಯ್ಕೆ ಕೊಟ್ಟಿರುತ್ತಾರೆ. ಕೈಪಿಡಿ ಯಾರ ಮನೆಯಲ್ಲೂ ಇರುವುದಿಲ್ಲ ಎಂಬುದು ಬೇರೆ ಮಾತು. ಚೆನ್ನಾಗಿರುವ ಎಂಜಿನ್ನಿಗೆ 10ಡಬ್ಲ್ಯೂ-30 ಅಥವಾ 15ಡಬ್ಲ್ಯೂ-40, ಎಣ್ಣೆ ಕುಡಿಯಲು ಶುರುಮಾಡಿದ್ದಕ್ಕೆ 20ಡಬ್ಲ್ಯೂ-40, ಅಷ್ಟು ಸಾಕು. ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ನಿಗೆ 50ರ ದರ್ಜೆ ಹಾಕಿದರೆ ಮೈಲೇಜು ತಿನ್ನುವುದೊಂದೇ ಅದರ ಸಾಧನೆ.

ಕ್ರೂಸರ್, ಸುಮೊ, ಬೊಲೆರೊ, ಕ್ವಾಲಿಸ್‌ನಂಥ ಹಳೆಯ ಡೀಸೆಲ್‌ಗಳಿಗೆ 15ಡಬ್ಲ್ಯೂ-40 ಬಹುತೇಕ ಸಿದ್ಧ ಉತ್ತರ. ಇಲ್ಲಿ ಅಂಕಿಗಿಂತ ಅಕ್ಷರ ಮುಖ್ಯ. ಡಬ್ಬಿಯ ಹಿಂಬದಿಯಲ್ಲಿ ಎಪಿಐ ಎಂದು ಬರೆದು ಮುಂದೆ ಎಸ್ ಅಥವಾ ಸಿ ಇಂದ ಶುರುವಾಗುವ ಅಕ್ಷರಗಳು ಇರುತ್ತವೆ. ಎಸ್ ಎಂದರೆ ಪೆಟ್ರೋಲ್ ಗಾಡಿ, ಸಿ ಎಂದರೆ ಡೀಸೆಲ್. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಎಣ್ಣೆ ಹೊಸ ತಲೆಮಾರಿನದು: ಎಸ್‌ಎಫ್ 1980ರ ದಶಕದ್ದು, ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಡೀಸೆಲ್‌ನಲ್ಲಿ ಸಿಎಫ್-4 1990ರದು, ಸಿಐ-4 2002ರದು, ಸಿಕೆ-4 2016ರದು. ಹಳೆಯ ಡೀಸೆಲ್ ಎಂಜಿನ್ ಮಸಿಯ ಕಾರ್ಖಾನೆ. ಆ ಮಸಿ ಗುಂಪುಗೂಡದ ಹಾಗೆ ಎಣ್ಣೆಯಲ್ಲಿ ಚದುರಿಸಿ ಹಿಡಿದಿಡುವ ಶಕ್ತಿ ಸಿಎಫ್-4ಕ್ಕಿಂತ ಸಿಐ-4ಗೆ ಹೆಚ್ಚು. ಹೊಸ ಎಣ್ಣೆ ಹಾಕಿದ ಎರಡೇ ದಿನಕ್ಕೆ ಕಡ್ಡಿ ಎಳೆದು ನೋಡಿ ‘ಕರ್ರಗಾತಲ್ಲ, ಡುಪ್ಲಿಕೇಟ್ ಕೊಟ್ಟಾರ’ ಎಂದು ಅಂಗಡಿಯವನ ಮೇಲೆ ಹರಿಹಾಯುವವರನ್ನು ಕಂಡಿದ್ದೇನೆ. ಡೀಸೆಲ್ ಎಂಜಿನ್ನಿನಲ್ಲಿ ಬೇಗ ಕರ್ರಗಾಗುವ ಎಣ್ಣೆ ತನ್ನ ಕೆಲಸ ಮಾಡುತ್ತಿರುತ್ತದೆ.

ಹಳ್ಳಿಯ ಅಂಗಡಿಯಲ್ಲಿ ಬೇಕಾದ ಡಬ್ಬಿ ಸಿಗದಿರುವುದೇ ನಿತ್ಯದ ಪಾಡು. ಅಲ್ಲಿ ಇರುವುದು ಬೈಕಿನ 20ಡಬ್ಲ್ಯೂ-40, ಟ್ರ್ಯಾಕ್ಟರಿನ 15ಡಬ್ಲ್ಯೂ-40, ಅಷ್ಟೇ. ಟ್ರ್ಯಾಕ್ಟರ್ ಎಂಜಿನ್ನಿನ ಒಳ್ಳೆಯ ಎಣ್ಣೆಗಳ ಮೇಲೆ ಸಿಐ-4 ಜತೆಗೆ ಎಸ್‌ಎಲ್ ಅಂತಲೂ ಬರೆದಿರುತ್ತದೆ. ಬರೆದಿದ್ದರೆ ಮಾರುತಿ 800ಗೂ ಧಾರಾಳವಾಗಿ ಹಾಕಬಹುದು. ಟ್ರ್ಯಾಕ್ಟರಿನ ಗೇರ್‌ಬಾಕ್ಸು, ಹೈಡ್ರಾಲಿಕ್ಕು, ಆಯಿಲ್ ಬ್ರೇಕಿಗೆ ಹಾಕುವ ಎಣ್ಣೆ ಮಾತ್ರ ಬೇರೆಯೇ ಜಾತಿ, ಎಂಜಿನ್ ಹತ್ತಿರ ಸುಳಿಯಗೊಡಬಾರದು. ಬೈಕಿನ ಎಣ್ಣೆಯಿಂದ ಹಳೆಯ ಪೆಟ್ರೋಲ್ ಕಾರು ಕೆಡುವುದಿಲ್ಲ. ದಾರಿಯಲ್ಲಿ ಕಡಿಮೆಯಾದಾಗ ಅರ್ಧ ಲೀಟರ್ ಹಾಕಿ ಮನೆ ಸೇರಿಕೊಳ್ಳಬಹುದು. ಬೇರೆ ಕಂಪನಿಯ ಎಣ್ಣೆ ಬೆರೆತರೆ ಮೊಸರಾಗುತ್ತದೆ ಎಂಬ ಭಯ ಬೇಡ, ಎಪಿಐ ದರ್ಜೆಯ ಎಣ್ಣೆಗಳು ಒಂದರೊಡನೊಂದು ಬೆರೆಯಲೇಬೇಕೆಂಬುದು ನಿಯಮವೇ ಆಗಿದೆ. ಎಣ್ಣೆ ಕಡಿಮೆ ಇಟ್ಟು ಓಡಿಸುವುದರ ಮುಂದೆ ಯಾವ ಬೆರಕೆಯೂ ದೊಡ್ಡ ತಪ್ಪಲ್ಲ. ಹಾಗೆಂದು ಗೇಜು ಕಡ್ಡಿಯ ಮೇಲಿನ ಗೆರೆ ದಾಟುವಷ್ಟು ಸುರಿಯುವುದೂ ಬೇಡ. ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಿಂದ ಬೇರಿಂಗಿಗೆ ಆಧಾರ ಸಿಗುವುದಿಲ್ಲ.

ಎರಡನೆಯ ಕುಲ ಈಚಿನ ಹಳೆಯದು. ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಎಂಜಿನ್ 2008ರಲ್ಲಿ ಬಂತು. ಅದಕ್ಕೂ ಮೊದಲು, 2007ರಲ್ಲಿ, ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟಿಗೆ ಕೂತಿತು. ಊರೂರಿನ ಟ್ಯಾಕ್ಸಿಗಳಲ್ಲಿ ಓಡಿದ್ದು ಇದೇ. ಇವು ತೆಳು ಎಣ್ಣೆಗೆಂದೇ ಹುಟ್ಟಿದ ಎಂಜಿನ್ನುಗಳು. ಒಳಗಿನ ಎಣ್ಣೆದಾರಿಗಳು ಸಪೂರ, ಟೈಮಿಂಗ್ ಚೈನನ್ನು ಬಿಗಿಯುವುದು ಎಣ್ಣೆಯ ಒತ್ತಡವೇ. ಡೀಸೆಲ್ ಆದರೆ ಮೇಲೊಂದು ಟರ್ಬೊ, ನಿಮಿಷಕ್ಕೆ ಲಕ್ಷ ಮೀರಿದ ಸುತ್ತಿನಲ್ಲಿ ತಿರುಗುವ ಅದರ ಕಡ್ಡಿ ನಿಂತಿರುವುದು ಎಣ್ಣೆಯ ಪದರದ ಮೇಲೆ ಮಾತ್ರ. ‘ಎರಡು ಲಕ್ಷ ಕಿಲೋಮೀಟರ್ ಆತು, 20ಡಬ್ಲ್ಯೂ-50 ಹಾಕ್ರಿ’ ಎಂಬ ಸಲಹೆ ಇಲ್ಲಿ ನೇರವಾಗಿ ಕೆಡುಕು. 5ಡಬ್ಲ್ಯೂ-30 ಕೇಳುವ ಎಂಜಿನ್ ಸ್ವಲ್ಪ ಎಣ್ಣೆ ಕುಡಿಯತೊಡಗಿದರೆ 5ಡಬ್ಲ್ಯೂ-40ಗೆ ಏರಬಹುದು, ಅಲ್ಲಿಗೆ ನಿಲ್ಲಬೇಕು. ಮುಂದಿನ ಅಂಕಿ ಬದಲಿಸದೆ ಹಿಂದಿನ ಅಂಕಿಯನ್ನು ಒಂದು ಮೆಟ್ಟಿಲಷ್ಟೇ ಏರಿಸುವ ಈ ಉಪಾಯ ಮಿಸ್ತ್ರಿಗಳಿಗೆ ಏಕೋ ಇನ್ನೂ ರೂಢಿಯಾಗಿಲ್ಲ.

ಸಿಂಥೆಟಿಕ್ ಬೇಕೋ ಮಿನರಲ್ ಸಾಕೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡುವುದು ಬೇಕಿಲ್ಲ. ಸಿಂಥೆಟಿಕ್ ಹಾಕಿದರೆ ಹಳೆಯ ಗಾಡಿ ಸೋರುತ್ತದೆ ಎಂಬ ಮಾತಿನ ಬೇರು 1970ರ ದಶಕದ ಮೊದಲ ಸಿಂಥೆಟಿಕ್‌ಗಳಲ್ಲಿದೆ, ಕೆಲವು ಎಣ್ಣೆಗಳು ಆಗ ರಬ್ಬರ್ ಸೀಲನ್ನು ಕುಗ್ಗಿಸುತ್ತಿದ್ದವು. ಈಗ ಅದನ್ನು ಸರಿದೂಗಿಸಿಯೇ ತಯಾರಿಸುತ್ತಾರೆ. ಈಗಲೂ ಸೋರಿದರೆ, ಸೀಲು ಮೊದಲೇ ಹೋಗಿದ್ದು ಅದನ್ನು ಕರಿ ಕೆಸರು ಮೆತ್ತಿ ಮುಚ್ಚಿರುತ್ತದೆ, ಹೊಸ ಎಣ್ಣೆ ಆ ಕೆಸರು ತೊಳೆದಿರುತ್ತದೆ. ವರ್ಷಗಟ್ಟಲೆ ಎಣ್ಣೆ ಬದಲಿಸದ ಎಂಜಿನ್ನನ್ನು ಫ್ಲಶ್ ಹಾಕಿ ಒಂದೇ ಸಲಕ್ಕೆ ತೊಳೆಯಲು ಹೋಗಬಾರದು, ಕಿತ್ತ ಕೆಸರು ಹೋಗಿ ಪಂಪಿನ ಜಾಲರಿಗೆ ಕೂರುತ್ತದೆ. ಸಾದಾ ಎಣ್ಣೆಯನ್ನೇ ಎರಡು ಸಲ ಬೇಗಬೇಗ ಬದಲಿಸಿದರೆ ನಿಧಾನವಾಗಿ ಸ್ವಚ್ಛವಾಗುತ್ತದೆ. ಅಂದಹಾಗೆ, ಎಂಜಿನ್ ಎಣ್ಣೆಯ ದೊಡ್ಡ ಹೆಸರುಗಳಲ್ಲೊಂದಾದ ಕ್ಯಾಸ್ಟ್ರಾಲ್‌ಗೆ 1909ರಲ್ಲಿ ಆ ಹೆಸರು ಬಂದದ್ದು ಕ್ಯಾಸ್ಟರ್ ಎಣ್ಣೆಯಿಂದ, ಅಂದರೆ ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಔಡಲದ ಎಣ್ಣೆಯಿಂದ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೆ ಔಡಲೆಣ್ಣೆ ಸುರಿದು ಹಾರಿಸಿದರು. ನಮ್ಮವರು ಬಂಡಿಯ ಅಚ್ಚಿಗೆ ಅದನ್ನು ಎಂದಿನಿಂದಲೋ ಹಚ್ಚುತ್ತಿದ್ದರು. ಕಾದರೆ ಅಂಟಾಗಿ ಗಟ್ಟಿಯಾಗುವ ಗುಣ ಇರುವುದರಿಂದ ಕಾರುಗಳು ಅದನ್ನು ಬಿಟ್ಟವು.

ಕೊಪ್ಪಳ ಸೀಮೆಯ ಎಂಜಿನ್ನಿನ ದೊಡ್ಡ ವೈರಿ ಬಿಸಿಲಲ್ಲ, ಧೂಳು. ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದರೆ ಎರೆ ಹೊಲದ ಧೂಳು, ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಯದು, ಗಿಣಿಗೇರಿ ಸುತ್ತ ಕಾರ್ಖಾನೆಯದು, ಸುಗ್ಗಿಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಗಳದು. ಧೂಳಿನಲ್ಲಿರುವುದು ಹೆಚ್ಚಾಗಿ ಸಿಲಿಕಾ, ಅಂದರೆ ಕಬ್ಬಿಣಕ್ಕಿಂತ ಗಡಸಾದ ಕಲ್ಲಿನ ಪುಡಿ. ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯವರು ಎಂಜಿನ್ನಿನ ಸಿಲಿಂಡರ್ ಬ್ಲಾಕುಗಳನ್ನು ಎರಕ ಹೊಯ್ಯುತ್ತಾರೆ. ಅಂಥ ಗಟ್ಟಿ ಎರಕದ ಗೋಡೆಯನ್ನೂ ಇದೇ ಜಿಲ್ಲೆಯ ಮಣ್ಣು ಅರಗೊರೆದ ಹಾಗೆ ಗೀರುತ್ತದೆ. ಕಣ್ಣಿಗೆ ಕಾಣುವ ದೊಡ್ಡ ಕಣಗಳು ಹೇಗೋ ತಡೆಯಲ್ಪಡುತ್ತವೆ. ಎಣ್ಣೆಯ ಪದರದಷ್ಟೇ ದಪ್ಪವಿರುವ, ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನ ಕಣಗಳು ಸಂದಿಯೊಳಗೆ ಹೊಕ್ಕು ಎರಡೂ ಬದಿ ಕೆರೆಯುತ್ತವೆ. 50ರ ದರ್ಜೆಯಾದರೂ ಅಷ್ಟೇ, 40ರದಾದರೂ ಅಷ್ಟೇ.

ಹಾಗಾಗಿ ಆಯಿಲ್ ಡಬ್ಬಿಗೆ ಹೆಚ್ಚು ಕೊಡುವ ದುಡ್ಡಿನಲ್ಲಿ ಮೊದಲು ಏರ್ ಫಿಲ್ಟರ್ ತರುವುದು ಲೇಸು. ಪಂಕ್ಚರ್ ಅಂಗಡಿಯಲ್ಲಿ ಫಿಲ್ಟರ್ ಹಿಡಿದು ಭರ್ರೆಂದು ಗಾಳಿ ಹೊಡೆಸುವುದು ಎಲ್ಲರೂ ಮಾಡುವ ಕೆಲಸ. ಆ ಒತ್ತಡಕ್ಕೆ ಕಾಗದದಲ್ಲಿ ಕಾಣದಷ್ಟು ಸಣ್ಣ ತೂತುಗಳು ಬೀಳುತ್ತವೆ. ಹೊರಬದಿಯಿಂದ ಹೊಡೆದರಂತೂ ಧೂಳು ಒಳಬದಿಗೆ ಹೋಗಿ ಕೂರುತ್ತದೆ, ಅಲ್ಲಿಂದ ನೇರ ಸಿಲಿಂಡರಿಗೆ. ಫಿಲ್ಟರ್ ಡಬ್ಬದ ಕ್ಲಿಪ್ಪು ಮುರಿದು ತಂತಿ ಬಿಗಿದ ಗಾಡಿಗಳು, ಹೋಸ್ ಬಿರಿದು ಇನ್ಸುಲೇಷನ್ ಟೇಪು ಸುತ್ತಿದ ಗಾಡಿಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಹಳೆಯ ಜೀಪು, ಟ್ರ್ಯಾಕ್ಸ್‌ಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸುವ ಆಯಿಲ್ ಬಾತ್ ಕ್ಲೀನರ್ ಇರುತ್ತದೆ. ಆ ಬಟ್ಟಲಿನ ತಳದಲ್ಲಿ ಕೆಸರು ಎಷ್ಟು ದಪ್ಪ ಕೂತಿದೆ ಎಂದು ಸುಗ್ಗಿ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೋಡಿದರೆ ಒಂದು ಹಂಗಾಮಿನಲ್ಲಿ ಎಂಜಿನ್ ಎಷ್ಟು ಮಣ್ಣು ಉಂಡಿರಬಹುದಿತ್ತು ಎಂಬುದು ಗೊತ್ತಾಗುತ್ತದೆ. ಎಣ್ಣೆ ಬದಲಿಸಿದಾಗಲೆಲ್ಲ ಆಯಿಲ್ ಫಿಲ್ಟರನ್ನೂ ಬದಲಿಸಬೇಕು. ‘ಒಂದ್ ಸರ್ವಿಸ್ ಬಿಟ್ಟು ಒಂದ್ ಸರ್ವಿಸಿಗೆ ಹಾಕಿದ್ರ ನಡಿತೈತಿ’ ಎನ್ನುವುದು ಉಳಿತಾಯವಲ್ಲ. ಅಗ್ಗದ ಫಿಲ್ಟರುಗಳಲ್ಲಿ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುವುದಿಲ್ಲ, ಇದ್ದರೂ ನಿಲ್ಲುವುದಿಲ್ಲ. ಬೆಳಗಿನ ಟಕಟಕಕ್ಕೆ ಎಷ್ಟೋ ಸಲ ಕಾರಣ ಇದೇ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಹಳೆಯ ಗಾಡಿಗೆ, ನಮ್ಮ ಧೂಳಿಗೆ, ಐದು ಸಾವಿರ ಕಿಲೋಮೀಟರ್ ಒಳ್ಳೆಯ ಲೆಕ್ಕ. ಓಡಾಟ ಕಡಿಮೆ ಇದ್ದರೆ ವರ್ಷಕ್ಕೊಮ್ಮೆ, ಓಡಿರಲಿ ಬಿಡಲಿ. ಮದುವೆ, ಜಾತ್ರೆಗಷ್ಟೇ ಹೊರತೆಗೆದು ಉಳಿದ ದಿನ ತಗಡಿನ ಕೆಳಗೆ ನಿಲ್ಲಿಸುವ ಗಾಡಿಗಳ ಎಣ್ಣೆ ನಿಂತಲ್ಲೇ ಹುಳಿಯಾಗುತ್ತದೆ, ಆ ಆಮ್ಲ ಬೇರಿಂಗಿನ ಲೋಹವನ್ನು ತಿನ್ನುತ್ತದೆ. ಬದಲಿಸಿದ ಕರಿ ಎಣ್ಣೆಯನ್ನು ಬಾಗಿಲ ಚೌಕಟ್ಟಿಗೆ, ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುವುದು ನಮ್ಮ ಕಡೆ ಹಳೆಯ ರೂಢಿ. ಅದರಲ್ಲಿರುವ ಸೀಸ, ಸುಟ್ಟ ಇಂಧನದ ಶೇಷ ಚರ್ಮಕ್ಕೂ ಬಾವಿಗೂ ಒಳ್ಳೆಯದಲ್ಲ. ಅದನ್ನು ಕೊಳ್ಳುವ ಗುಜರಿಯವರು ಇದ್ದಾರೆ, ಶುದ್ಧೀಕರಿಸಿ ಮತ್ತೆ ಬಳಸುವ ಪರವಾನಗಿ ಪಡೆದ ಘಟಕಗಳೂ ಇವೆ. ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರುವ ಮುನ್ನ ಒಂದು ಕೊಯ್ತ ಹಾಕಿ ಬರಬೇಕು. ಕಂಪನಿಯ ಹೆಸರಿನ ಇಡೀ ಡಬ್ಬಿಗೆ ಕೊಳ್ಳುವವರಿದ್ದಾರೆ, ಅದರೊಳಗೆ ಮುಂದೆ ಏನು ತುಂಬಿ ಯಾರ ಗಾಡಿಗೆ ಬರುತ್ತದೋ ಹೇಳಲಾಗದು.

ದಪ್ಪ ಆಯಿಲ್ ನಿಜವಾಗಿ ಚೆನ್ನಾಗಿ ಕೆಲಸ ಮಾಡುವ ಒಂದು ಜಾಗ ಇದೆ, ಅದು ಸೆಕೆಂಡ್ ಹ್ಯಾಂಡ್ ವ್ಯಾಪಾರ. ಸವೆದ ಎಂಜಿನ್ನಿಗೆ 20ಡಬ್ಲ್ಯೂ-50 ತುಂಬಿ, ಮೇಲೆ ಜೇನಿನಷ್ಟು ಮಂದವಿರುವ ‘ಟ್ರೀಟ್‌ಮೆಂಟ್’ ಬಾಟಲಿ ಸುರಿದರೆ ಹೊಗೆ, ಸದ್ದು ಕೆಲವು ವಾರ ತಗ್ಗುತ್ತವೆ, ಅಷ್ಟರಲ್ಲಿ ಗಾಡಿ ಕೈ ಬದಲಾಗಿರುತ್ತದೆ. ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಹಳೆಯ ಕಾರು ನೋಡಲು ಹೋಗುವವರು ಹೇಳದೆ ಕೇಳದೆ ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಸಬಹುದು. ಗೇಜು ಕಡ್ಡಿ ಎಳೆದು ಎಣ್ಣೆಯನ್ನು ಎರಡು ಬೆರಳ ನಡುವೆ ಎಳೆದು ನೋಡಿ, ದಾರದ ಹಾಗೆ ಉದ್ದಕ್ಕೆ ಜಗ್ಗಿದರೆ ಬಾಟಲಿ ಸುರಿದಿದ್ದಾರೆ. ಸ್ಟಾರ್ಟ್ ಮಾಡಿ ಆಯಿಲ್ ಮುಚ್ಚಳ ಬಿಚ್ಚಿ, ಗಾಳಿ ಉಗುಳುತ್ತದೆಯೇ ನೋಡಿ. ಕಾಲು ಗಂಟೆ ಓಡಿಸಿ ಬಂದು, ಬಂದ್ ಮಾಡದೆ, ಮತ್ತೊಮ್ಮೆ ಬಿಚ್ಚಿ. ಮಾಲೀಕ ‘ಕಂಪನಿ ಎಂಜಿನ್ ಐತ್ರಿ, ಕೈ ಹಾಕಿಲ್ಲ’ ಎಂದು ಆಣೆ ಮಾಡುತ್ತಿದ್ದರೂ ಪರವಾಗಿಲ್ಲ, ಚೌಕಾಶಿ ಶುರುಮಾಡುವುದು ಅದಾದ ಮೇಲೆ.